ಕೊನೆಯವರಿಂದ ಲೆಕ್ಕ ಹಾಕಿ: ನಗರದಲ್ಲಿ ಗುಂಪು ಸೈಕಲ್ ಸವಾರಿ, ಗುಂಪು ನಡಿಗೆ ಏರ್ಪಡಿಸುವ ಬಗೆ

ಹತ್ತು ಹನ್ನೆರಡು ಜನ ಸೇರಿ ನಗರದೊಳಗೆ ಒಂದು ಸುತ್ತು ಸೈಕಲ್ ತುಳಿದು ಬರಲು ಏನು ಮಹಾ ತಯಾರಿ ಬೇಕು ಅನ್ನಿಸುತ್ತದೆ. ಮೊದಲ ಸಿಗ್ನಲ್‌ನಲ್ಲಿ ಗುಂಪು ಎರಡಾಗುತ್ತದೆ, ಮೂರನೆಯ ಸಿಗ್ನಲ್‌ನಲ್ಲಿ ಮೂರಾಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರೋ ಒಬ್ಬರು ಗೊತ್ತಿಲ್ಲದ ಸರ್ಕಲ್ಲಿನಲ್ಲಿ ನಿಂತು ‘ಎಲ್ಲಿದ್ದೀರಿ?’ ಎಂದು ಫೋನ್ ಮಾಡುತ್ತಿರುತ್ತಾರೆ. ಮುಂದೆ ಹೋಗುತ್ತಿರುವವರಿಗೆ ಇದರ ಸುಳಿವೇ ಇರುವುದಿಲ್ಲ. ಗುಂಪಿನ ತೊಂದರೆಗಳೆಲ್ಲ ಹುಟ್ಟುವುದು ಮುಂದೆ, ಕಾಣಿಸಿಕೊಳ್ಳುವುದು ಹಿಂದೆ. ಹಾಗಾಗಿ ಇಲ್ಲಿ ಹೇಳುವ ಅಳತೆಗಳೆಲ್ಲ ಕೊನೆಯವರನ್ನು ನೋಡಿ ಹಾಕಿದವು.

ಮೊದಲು ಒಂದು ಲೆಕ್ಕ

ಗುಂಪು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಅರ್ಧ ಜನ ಸಿಗ್ನಲ್ ದಾಟಿದರು, ಉಳಿದವರಿಗೆ ಕೆಂಪು ಬಿತ್ತು. ಒಂದು ನಿಮಿಷದ ಕೆಂಪು ದೀಪ ಮುಗಿಯುವಷ್ಟರಲ್ಲಿ ಮುಂದಿನವರು 250 ಮೀಟರ್ ಹೋಗಿರುತ್ತಾರೆ. ಹಿಂದಿನವರು ಗಂಟೆಗೆ 18 ಕಿ.ಮೀ. ವೇಗದಲ್ಲಿ ತುಳಿದರೂ ಈ ಅಂತರ ಮುಚ್ಚಲು 5 ನಿಮಿಷ ಬೇಕು, ಅಂದರೆ ಒಂದೂವರೆ ಕಿಲೋಮೀಟರ್ ಏದುಸಿರು ಬಿಡಬೇಕು. ಅದೂ ನಡುವೆ ಇನ್ನೊಂದು ಸಿಗ್ನಲ್ ಬೀಳದಿದ್ದರೆ. ಅವರು ಬಂದು ಸೇರುವ ಹೊತ್ತಿಗೆ ಮುಂದಿನವರು ನಿಂತು, ನೀರು ಕುಡಿದು, ಫೋಟೊ ತೆಗೆದು, ‘ಎಲ್ಲರೂ ಬಂದ್ರಲ್ಲ, ಹೊರಡೋಣ’ ಎನ್ನುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೆ ಮಾತ್ರ ಅದು ಸಿಗಲಿಲ್ಲ. ಎರಡು ಸಲ ಹೀಗಾದರೆ ಹೊಸಬರು ಮೂರನೆಯ ವಾರ ಬರುವುದಿಲ್ಲ.

ಇದಕ್ಕೆ ಎರಡು ಕಟ್ಟುಪಾಡು ಸಾಕು. ಸಿಗ್ನಲ್ ಅಥವಾ ತಿರುವು ದಾಟಿದ ಮೇಲೆ ಮುಂದಿರುವವರು ಗಂಟೆಗೆ 10 ಕಿ.ಮೀ.ಗೆ ಇಳಿಸಿ, ಕೊನೆಯವರು ದಾಟಿದ್ದು ಖಚಿತವಾದ ಮೇಲಷ್ಟೇ ವೇಗ ಏರಿಸಬೇಕು. ನಿಲ್ದಾಣದಲ್ಲಿ ಐದು ನಿಮಿಷ ಎಂದರೆ ಕೊನೆಯವರು ಬಂದು ಕಾಲೂರಿದ ಮೇಲಿನ ಐದು ನಿಮಿಷ.

ಒಬ್ಬ ಮುಂದಾಳಿಗೆ 12ರಿಂದ 15 ಸೈಕಲ್ ಮಿತಿ ಎನ್ನುವುದಕ್ಕೂ ಕಾರಣ ಸಿಗ್ನಲ್ಲೇ. ದೀಪ ಹಸಿರಾದಾಗ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬೊಬ್ಬರೂ ಪೆಡಲ್ ಮೇಲೆ ಕಾಲಿಡಲು ಸುಮಾರು ಒಂದು ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಸಾಲಾಗಿ ನಿಂತ 12 ಜನರಲ್ಲಿ ಕೊನೆಯವರು ಹೊರಡುವಾಗಲೇ 11–12 ಸೆಕೆಂಡ್ ಕಳೆದಿರುತ್ತದೆ. ಅವರು ಮುಂದಿನ ಸಾಲಿನಷ್ಟು ದೂರವನ್ನೂ 25 ಮೀಟರ್ ಅಗಲದ ಕೂಡುರಸ್ತೆಯನ್ನೂ ದಾಟುವಷ್ಟರಲ್ಲಿ ಅರ್ಧ ನಿಮಿಷ ಆಗುತ್ತದೆ. ಹಸಿರು ದೀಪ 20 ಸೆಕೆಂಡ್ ಇದ್ದರೆ ಗುಂಪು ಒಡೆಯುವುದು ಖಂಡಿತ. 30 ಜನ ಬಂದರೆ ಎರಡು ಗುಂಪು ಮಾಡಿ, ಪ್ರತಿಯೊಂದಕ್ಕೂ ಬೇರೆ ಮುಂದಾಳನ್ನು ಕೊಟ್ಟು ಐದು ನಿಮಿಷದ ಅಂತರದಲ್ಲಿ ಬಿಡಿ. ವೇಗದವರು, ನಿಧಾನದವರು ಎಂದು ಮೊದಲೇ ಬೇರ್ಪಡಿಸುವುದು ಇನ್ನೂ ಒಳ್ಳೆಯದು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಗುಂಪಿನಲ್ಲಿ ಯಾರಿಗೂ ಖುಷಿ ಇರುವುದಿಲ್ಲ.

ದಾರಿ ಗೊತ್ತುಮಾಡುವುದು

ಮೊದಲ ಕೆಲವು ಸವಾರಿಗಳಿಗೆ 15ರಿಂದ 20 ಕಿ.ಮೀ., ನಡಿಗೆಗೆ 4ರಿಂದ 6 ಕಿ.ಮೀ. ಸಾಕು. ಸಮಯವನ್ನು ಹೀಗೆ ಕಟ್ಟಿ: 20 ಕಿ.ಮೀ.ಯನ್ನು ಗಂಟೆಗೆ 15ರಂತೆ ತುಳಿಯಲು 80 ನಿಮಿಷ, ಸಿಗ್ನಲ್‌ಗಳಿಗೆ 15, ಎರಡು ನಿಲ್ದಾಣಕ್ಕೆ ಹತ್ತತ್ತು, ಒಂದು ಪಂಕ್ಚರ್‌ಗೆ 20. ಒಟ್ಟು ಎರಡೂಕಾಲು ಗಂಟೆ. ಪಂಕ್ಚರ್ ಆಗದಿದ್ದರೆ ಬೇಗ ಮನೆ ಸೇರಿದ್ದಕ್ಕೆ ಯಾರೂ ಬೈಯುವುದಿಲ್ಲ. ಏರು ಇರುವ ನಡಿಗೆಗೆ ನೈಸ್ಮಿತ್ ಎಂಬುವರು 1892ರಲ್ಲಿ ಹಾಕಿಕೊಟ್ಟ ಲೆಕ್ಕವನ್ನು ಈಗಲೂ ಬಳಸುತ್ತಾರೆ: ಸಮನೆಲದ ಸಮಯಕ್ಕೆ ಪ್ರತಿ 100 ಮೀಟರ್ ಏರಿಗೂ 10 ನಿಮಿಷ ಸೇರಿಸುವುದು. ಅದು ಗಟ್ಟಿ ಕಾಲಿನವರ ಲೆಕ್ಕ. ಹೊಸಬರಿದ್ದರೆ 15 ಸೇರಿಸಿ.

ದಾರಿಯ ಆಕಾರದ ಬಗ್ಗೆಯೂ ಒಂದು ಮಾತು. ಹೋಗಿ ಅದೇ ದಾರಿಯಲ್ಲಿ ವಾಪಸು ಬರುವುದು ಬೇಸರ. ದೊಡ್ಡ ವೃತ್ತದಲ್ಲಿ ಹೋದರೆ ಅರ್ಧದಲ್ಲಿ ಸುಸ್ತಾದವರು ಹೊರಟ ಜಾಗದಿಂದ ಅತಿ ದೂರದಲ್ಲಿ ಸಿಕ್ಕಿಬೀಳುತ್ತಾರೆ. 8 ಅಂಕಿಯ ಆಕಾರ ಒಳ್ಳೆಯದು. ಹೊರಡುವ ಜಾಗ ನಡುವಿನ ಗಂಟಿನಲ್ಲಿರಲಿ. ಮೊದಲ ಸುತ್ತು ಮುಗಿಸಿ ಅಲ್ಲಿಗೇ ಬಂದಾಗ ಸಾಕೆನಿಸಿದವರು ಯಾರ ಮುಂದೆಯೂ ಸಂಕೋಚಪಡದೆ ಹೊರಡಬಹುದು. ಅದು ಆಗದಿದ್ದರೆ ಬಸ್ ಅಥವಾ ರೈಲು ನಿಲ್ದಾಣ ಹತ್ತಿರವಿರುವ ಎರಡು ಜಾಗಗಳನ್ನಾದರೂ ಗುರುತಿಸಿಟ್ಟುಕೊಳ್ಳಿ. ಸೈಕಲ್ಲನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಟ್ಟಿರಬೇಕು.

ನಕ್ಷೆಯಲ್ಲಿ ಎಳೆದ ಗೆರೆ ದಾರಿಯಲ್ಲ. ಕಾರ್ಯಕ್ರಮ ಭಾನುವಾರ ಬೆಳಿಗ್ಗೆ ಆರಕ್ಕೆ ಇದ್ದರೆ ಹಿಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ಅದೇ ವೇಗದಲ್ಲಿ ಹೋಗಿ ನೋಡಿ. ಬುಧವಾರ ಸಂಜೆ ನೋಡಿದರೆ ವಾರದ ಸಂತೆ, ಬೀಗ ಹಾಕಿದ ಪಾರ್ಕ್ ಗೇಟು, ಕಣ್ಣಿಗೆ ನೇರ ಹೊಡೆಯುವ ಬೆಳಗಿನ ಬಿಸಿಲು ಒಂದೂ ತಿಳಿಯುವುದಿಲ್ಲ. ಎದುರಿನ ವಾಹನಗಳನ್ನು ಅಡ್ಡ ಹಾಯ್ದು ತಿರುಗುವ ಜಾಗಗಳನ್ನು ಎಣಿಸಿ. ದಾರಿಯನ್ನು ತಿರುವುಮುರುವು ಮಾಡಿದರೆ ಎಷ್ಟೋ ಸಲ ಅವು ಅರ್ಧಕ್ಕಿಳಿಯುತ್ತವೆ. ಸಾಗುವ ದಿಕ್ಕಿಗೆ ಉದ್ದುದ್ದವಾಗಿ ಸೀಳಿರುವ ಚರಂಡಿ ಜಾಲರಿ ಕಂಡರೆ ಬರೆದುಕೊಳ್ಳಿ, ಸಣ್ಣ ಟೈರು ಅದರಲ್ಲಿ ಇಳಿದು ನಿಂತುಬಿಡುತ್ತದೆ. ರೈಲು ಹಳಿಯನ್ನು ಓರೆಯಾಗಿ ದಾಟಿದರೂ ಅದೇ ಗತಿ, ನೇರವಾಗಿ ಅಡ್ಡ ದಾಟಬೇಕು. ಶೌಚಾಲಯ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದು ನಿಲ್ದಾಣವನ್ನು ತೀರ್ಮಾನಿಸುವ ಮೊದಲ ಸಂಗತಿ. ನೋಟ ಚೆನ್ನಾಗಿದೆಯೇ ಎಂಬುದು ಆಮೇಲಿನದು. ಹಿಂದಿನ ದಿನ ಇನ್ನೊಮ್ಮೆ ಹೋಗಿ ಬನ್ನಿ. ನಗರದಲ್ಲಿ ರಸ್ತೆ ಅಗೆಯುವವರು ಯಾರನ್ನೂ ಕೇಳಿ ಅಗೆಯುವುದಿಲ್ಲ.

ತೀರಾ ಹೊಸಬರನ್ನು ಕರೆದುಕೊಂಡು ಹೋಗಲು ವಾಹನ ನಿಷೇಧಿಸಿದ ರಸ್ತೆಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಕೊಲಂಬಿಯಾದ ಬೊಗೊಟಾ ನಗರ 1974ರಲ್ಲಿ ಸಿಕ್ಲೊವಿಯಾ ಹೆಸರಿನಲ್ಲಿ ರಸ್ತೆಗಳನ್ನು ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟುಕೊಡಲು ಆರಂಭಿಸಿದ ಮೇಲೆ ಜಗತ್ತಿನ ಹಲವು ನಗರಗಳು ಅದನ್ನು ಅನುಸರಿಸಿವೆ. ನಿಮ್ಮ ನಗರದಲ್ಲೂ ಅಂಥ ದಿನವಿದ್ದರೆ ಮೊದಲ ಸವಾರಿಯನ್ನು ಅಂದೇ ಇಟ್ಟುಕೊಳ್ಳಿ.

ಪ್ರಕಟಣೆಯಲ್ಲಿ ಏನಿರಬೇಕು

‘ಎಲ್ಲರಿಗೂ ಸ್ವಾಗತ, ಸುಲಭ ಸವಾರಿ’ ಎಂದು ಬರೆಯುವುದು ಏನನ್ನೂ ಹೇಳದೆ ಇರುವುದಕ್ಕೆ ಸಮ. ಸುಲಭ ಯಾರಿಗೆ? ದೂರ, ಸರಾಸರಿ ವೇಗ, ಒಟ್ಟು ಸಮಯ, ಏರು ಎಲ್ಲೆಲ್ಲಿ, ಮಣ್ಣುದಾರಿ ಎಷ್ಟು, ಬಿಟ್ಟು ಹೊರಡಬಹುದಾದ ಜಾಗ ಯಾವುದು, ಇಷ್ಟೂ ಬರೆಯಿರಿ. ಸೇರುವ ಸಮಯ, ಹೊರಡುವ ಸಮಯ ಎರಡನ್ನೂ ಬೇರೆಬೇರೆ ಕೊಡಿ: 5:40ಕ್ಕೆ ಸೇರುವುದು, 6:00ಕ್ಕೆ ಹೊರಡುವುದು. ಒಂದೇ ಸಮಯ ಕೊಟ್ಟರೆ ಆ ಸಮಯಕ್ಕೆ ಜನ ಮನೆಯಿಂದ ಹೊರಡುತ್ತಾರೆ. ಮಳೆ ಬಂದರೆ ರದ್ದು ಎಂಬ ತೀರ್ಮಾನ ಯಾವ ಗಂಟೆಗೆ, ಎಲ್ಲಿ ತಿಳಿಯುತ್ತದೆ ಎಂಬುದೂ ಇರಲಿ. ‘ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿಯುತ್ತಾ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಬಲ್ಲವರಿಗೆ’ ಎಂಬ ಸಾಲು ಒಂದಿದ್ದರೆ ಓದುವವರು ತಮ್ಮನ್ನು ತಾವೇ ಅಳೆದುಕೊಳ್ಳುತ್ತಾರೆ.

ಹೆಸರು ಕೊಟ್ಟವರಿಂದ ತುರ್ತು ಸಂಪರ್ಕದ ಒಂದು ನಂಬರ್, ಟೈರಿನ ಅಳತೆ, ಇಷ್ಟು ಪಡೆಯಿರಿ. ಆ ನಂಬರುಗಳು ಮುಂದಾಳಿನ ಬಳಿ ಕಾಗದದಲ್ಲಿರಲಿ, ಎಲ್ಲರ ಮೆಸೇಜ್ ಗುಂಪಿನಲ್ಲಿ ಅಲ್ಲ. ಮಕ್ಕಳು ಬಂದರೆ ಜೊತೆಗೆ ಅವರ ಹೊಣೆ ಹೊತ್ತ ದೊಡ್ಡವರು ಇರಲೇಬೇಕು. ಸಣ್ಣ ಗುಂಪು ಸಾಮಾನ್ಯ ರಸ್ತೆಯಲ್ಲಿ ಹೋಗುವುದಕ್ಕೂ ಬ್ಯಾನರು, ಮೈಕು ಹಿಡಿದು ಹೋಗುವುದಕ್ಕೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿರುತ್ತದೆ. ಎರಡನೆಯದಾದರೆ ಪೊಲೀಸರನ್ನು ಮುಂಚಿತವಾಗಿ ಕೇಳಿ.

ಹೊರಡುವ ಮುನ್ನ ಸೈಕಲ್ ನೋಡುವುದು

ಒಂದು ಸೈಕಲ್ಲಿಗೆ ಒಂದೂವರೆ ನಿಮಿಷ. ಟೈರನ್ನು ಹೆಬ್ಬೆರಳಿನಿಂದ ಒತ್ತಿ. ಎಷ್ಟು ಗಾಳಿ ಬೇಕೆಂಬುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಬ್ರೇಕ್ ಹಿಡಿಯನ್ನು ಪೂರ್ತಿ ಅದುಮಿದಾಗ ಅದು ಹ್ಯಾಂಡಲ್ಲಿಗೆ ತಾಗಬಾರದು, ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲ್ಲಾಡಿಸಿ: ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಅಲ್ಲಿ ಸಡಿಲವಿದೆ. ಚಕ್ರವನ್ನು ಕೈಯಿಂದ ಬಿಗಿಯುವ ಲಿವರ್ ಇದ್ದರೆ, ಮುಚ್ಚುವಾಗ ಅರ್ಧದಿಂದ ಬಿಗಿ ಸಿಗಬೇಕು, ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಸೀಟಿನ ಎತ್ತರಕ್ಕೆ ಸುಲಭ ಉಪಾಯ: ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಮೊಣಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಬೇಕಾದಷ್ಟೇ ಬಾಗುತ್ತದೆ. ಸೀಟನ್ನು ಏರಿಸುವಾಗ ಕೊಳವೆಯ ಮೇಲಿನ ಕನಿಷ್ಠ ಗೆರೆ ಹೊರಗೆ ಕಾಣಬಾರದು. ಎಷ್ಟೋ ಜನರ ಮಂಡಿನೋವು ಸೀಟನ್ನು ಒಂದಿಂಚು ಏರಿಸಿದರೆ ಹೋಗುತ್ತದೆ.

ಹೆಲ್ಮೆಟ್ಟು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಬಿಟ್ಟು ಕೂರಬೇಕು, ಹಣೆ ಪೂರಾ ಕಾಣುವಂತೆ ಹಿಂದಕ್ಕೆ ವಾಲಿದ್ದರೆ ಅದು ಬರೀ ಟೋಪಿ. ಬ್ರೇಕ್ ಒಂದೇ ಕೆಲಸ ಮಾಡುತ್ತಿದ್ದರೆ ಆ ಸೈಕಲ್ಲನ್ನು ಬಿಡಬೇಡಿ, ಎಷ್ಟೇ ಬೇಡಿಕೊಂಡರೂ. ನಸುಕಿನ ಸವಾರಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಗುಂಪಿನಲ್ಲಿ ಹಿಂದಿನ ದೀಪ ಮಿನುಗುವ ಬದಲು ಒಂದೇ ಸಮನೆ ಉರಿಯಲಿ. ಎರಡು ಮೀಟರ್ ಹಿಂದಿರುವವರ ಕಣ್ಣಿಗೆ ಮಿನುಗು ದೀಪ ಅಂದರೆ ಅರ್ಧ ಗಂಟೆಯ ಹಿಂಸೆ.

ಲೀಡ್, ಸ್ವೀಪ್, ತಿರುವಿನ ಕಾವಲು

ಮುಂದೆ ದಾರಿ ತೋರುವವರು ಲೀಡ್, ಎಲ್ಲರ ಹಿಂದೆ ಬರುವವರು ಸ್ವೀಪ್. ಗಟ್ಟಿ ಕಾಲಿನವರು, ರಿಪೇರಿ ಬಲ್ಲವರು, ತಾಳ್ಮೆ ಇರುವವರು ಸ್ವೀಪ್ ಆಗಬೇಕು. ಹೆಚ್ಚಿನ ಗುಂಪುಗಳು ಅಂಥವರನ್ನು ಮುಂದೆ ಬಿಟ್ಟು ತಪ್ಪು ಮಾಡುತ್ತವೆ. ದಾರಿ ಬಲ್ಲ ಸಾಧಾರಣ ಸವಾರರೇ ಲೀಡ್ ಆಗಲಿ, ವೇಗ ತಾನಾಗಿ ಹದದಲ್ಲಿರುತ್ತದೆ. ಸ್ವೀಪ್ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿರಲಿ. ಹೊರಡುವ ಮುನ್ನ ಅವರನ್ನು ಎಲ್ಲರೆದುರು ನಿಲ್ಲಿಸಿ, ‘ಇವರ ಹಿಂದೆ ಯಾರೂ ಇರುವ ಹಾಗಿಲ್ಲ’ ಎಂದು ಹೇಳಿ.

ಗುಂಪು ಒಡೆದರೂ ಯಾರೂ ದಾರಿ ತಪ್ಪದಂತೆ ಮಾಡುವ ಉಪಾಯ ಇದು. ತಿರುವು ಬಂದಾಗ ಲೀಡ್ ತಮ್ಮ ಹಿಂದಿನ ಮೊದಲ ಸವಾರರಿಗೆ ಜಾಗ ತೋರಿಸಿ ‘ಇಲ್ಲಿ ನಿಲ್ಲಿ’ ಎನ್ನುತ್ತಾರೆ. ಅವರು ರಸ್ತೆಯಿಂದ ಪಕ್ಕಕ್ಕೆ ಸರಿದು, ಬರುವವರಿಗೆ ದೂರದಿಂದಲೇ ಕಾಣುವಂತೆ ನಿಂತು, ಎಲ್ಲರಿಗೂ ಕೈತೋರಿಸಿ ಕಳಿಸುತ್ತಾರೆ. ಸ್ವೀಪ್ ಬಂದು ‘ಹೊರಡಿ’ ಎಂದ ಮೇಲೆ ಸ್ವೀಪ್‌ಗಿಂತ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಆಗ ಲೀಡ್ ಹಿಂದೆ ಇರುವ ಇನ್ನೊಬ್ಬರು. ಹೀಗೆ ಸರದಿ ತಾನಾಗಿ ಸುತ್ತುತ್ತದೆ, ಯಾರೂ ನಕ್ಷೆ ನೋಡಬೇಕಿಲ್ಲ. ಇದು ಕೆಡುವುದು ಎರಡೇ ಕಡೆ: ನಿಂತವರು ‘ಎಲ್ಲ ಹೋದರು ಅನ್ನಿಸುತ್ತೆ’ ಎಂದು ಸ್ವೀಪ್ ಬರುವ ಮೊದಲೇ ಹೊರಟುಬಿಡುವುದು, ತಿರುವು ಚಿಕ್ಕದೆಂದು ಲೀಡ್ ಯಾರನ್ನೂ ನಿಲ್ಲಿಸದೇ ಹೋಗುವುದು. ಪಂಕ್ಚರ್ ಆಗಿ ಸ್ವೀಪ್ 20 ನಿಮಿಷ ತಡವಾದರೂ ಕಾವಲಿನವರು ಅಲ್ಲೇ ಇರಬೇಕು. ಹಾಗಾಗಿ ಸ್ವೀಪ್ ಫೋನ್ ಮಾಡಿ ಲೀಡ್‌ಗೆ ತಿಳಿಸುತ್ತಾರೆ, ಲೀಡ್ ನಿಂತವರಿಗೆ ತಿಳಿಸುತ್ತಾರೆ.

ತುಳಿಯುವಾಗ

ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಮುಂದಿನವರು ಬ್ರೇಕ್ ಹಾಕಿದ್ದು ಕಂಡು ನಿಮ್ಮ ಕೈ ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಹೋಗುತ್ತದೆ. ಎರಡು ಮೀಟರ್ ಅಂತರದಲ್ಲಿ ಕಣ್ಣನ್ನಷ್ಟೇ ನಂಬಿದರೆ ಡಿಕ್ಕಿ ಖಾತ್ರಿ, ಅದಕ್ಕೇ ಬಾಯಿ ಬೇಕು. ‘ನಿಲ್ತಾ ಇದೀವಿ’, ‘ಗುಂಡಿ’, ‘ಹಂಪ್’, ‘ಹಿಂದೆ ಗಾಡಿ’: ಕೂಗು ಕೇಳಿದವರು ಹಿಂದಕ್ಕೆ ದಾಟಿಸಬೇಕು. ಗುಂಡಿ ಇರುವ ಕಡೆಗೆ ಬೆರಳು ತೋರಿಸುವುದೂ ರೂಢಿ, ಆದರೆ ರಸ್ತೆ ಕೆಟ್ಟಿದ್ದರೆ ಎರಡೂ ಕೈ ಹ್ಯಾಂಡಲ್ ಮೇಲಿರಲಿ, ಕೂಗಿದರೆ ಸಾಕು. ‘ಖಾಲಿ ಇದೆ, ಬನ್ನಿ’ ಎಂದು ಮಾತ್ರ ಯಾರೂ ಕೂಗಬಾರದು. ನೀವು ದಾಟುವಾಗ ಖಾಲಿಯಿದ್ದ ರಸ್ತೆ ಐದನೆಯವರು ದಾಟುವಾಗ ಖಾಲಿ ಇರುವುದಿಲ್ಲ. ಅವರವರ ಕೂಡುರಸ್ತೆ ಅವರವರೇ ನೋಡಿ ದಾಟಬೇಕು.

ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳದಿರಲಿ. ಎರಡು ಚಕ್ರ ತಾಗಿದರೆ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ, ಮುಂದಿನವರಿಗೆ ಏನಾಯಿತೆಂದೂ ತಿಳಿದಿರುವುದಿಲ್ಲ. ನಿಂತ ಕಾರುಗಳಿಂದ ಒಂದು ಮೀಟರಿಗಿಂತ ಹೆಚ್ಚು ದೂರ ಇರಿ, ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಹೇಳಲಾಗದು. ತಿರುಗಲಿರುವ ಲಾರಿ, ಬಸ್ಸಿನ ಒಳಮಗ್ಗುಲಿಗೆ ಯಾವ ಕಾರಣಕ್ಕೂ ನುಗ್ಗಬೇಡಿ: ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಸರಿದು ಬರುತ್ತದೆ, ಚಾಲಕರಿಗೆ ಆ ಜಾಗ ಕಾಣುವುದಿಲ್ಲ. ಮಳೆ ಶುರುವಾದ ಮೊದಲ ಹತ್ತು ನಿಮಿಷ ರಸ್ತೆಯ ಎಣ್ಣೆ, ಧೂಳು ಕಲಸಿ ಜಾರುತ್ತದೆ. ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗುವುದೂ ಬ್ರೇಕ್ ಹಾಕುವುದೂ ಬೇಡ.

ಪಂಕ್ಚರ್

ಗುಂಪಿಗೆ ಒಂದು ಚೀಲ ಸಾಕು, ಅದು ಸ್ವೀಪ್ ಬಳಿ ಇರಲಿ. ಪಂಪು, ಮೂರು ಟೈರ್ ಲಿವರ್, ಬಂದವರ ಅಳತೆಗೆ ತಕ್ಕ ಟ್ಯೂಬುಗಳು, ಪ್ಯಾಚ್ ಮತ್ತು ಸಲ್ಯೂಷನ್, 4, 5, 6 ಮಿ.ಮೀ. ಅಲೆನ್ ಕೀ, ಟೈರು ಸೀಳಿದರೆ ಒಳಗಿನಿಂದ ಒತ್ತಾಸೆ ಕೊಡಲು ಹಳೆ ಟೈರಿನ ಒಂದು ತುಂಡು. ಜನ ಮರೆಯುವುದು 15 ಮಿ.ಮೀ. ಸ್ಪ್ಯಾನರ್. ಚಕ್ರಕ್ಕೆ ನಟ್ಟು ಇರುವ ಸೈಕಲ್ ಬಂದರೆ ಅದಿಲ್ಲದೆ ಉಳಿದ ಸಾಮಾನೆಲ್ಲ ವ್ಯರ್ಥ. ಪಂಪಿನ ಬಾಯಿ ದಪ್ಪ ವಾಲ್ವ್, ಸಪೂರ ವಾಲ್ವ್ ಎರಡಕ್ಕೂ ಹೊಂದಬೇಕು. ಟ್ಯೂಬಿನ ಅಳತೆಯನ್ನು ಟೈರಿನ ಬದಿಯಲ್ಲಿ 37-622 ಎಂಬ ರೀತಿಯ ಅಂಕಿಯಲ್ಲಿ ನೋಡಿ. ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಅಂಚಿನ ವ್ಯಾಸ, ಮೊದಲನೆಯದು ಟೈರಿನ ಅಗಲ, ಎರಡೂ ಮಿ.ಮೀ.ನಲ್ಲಿ. ‘26 ಇಂಚು’, ‘28 ಇಂಚು’ ಎಂಬ ಮಾತು ನಂಬಿದರೆ ಮೋಸಹೋಗುತ್ತೀರಿ, ಒಂದೇ ಇಂಚಿನ ಹೆಸರಲ್ಲಿ ಬೇರೆಬೇರೆ ವ್ಯಾಸಗಳಿವೆ.

ರಸ್ತೆಯಿಂದ ದೂರ ಸರಿದು, ಹಿಂದಿನ ಚಕ್ರವಾದರೆ ಚೈನನ್ನು ಅತಿ ಚಿಕ್ಕ ಹಲ್ಲುಗಾಲಿಗೆ ಇಳಿಸಿ ಚಕ್ರ ತೆಗೆಯಿರಿ. ಉಳಿದ ಗಾಳಿಯನ್ನೂ ಬಿಟ್ಟು, ವಾಲ್ವ್‌ನ ಎದುರು ಬದಿಯಿಂದ ಲಿವರ್ ಹಾಕಿ ಟೈರಿನ ಒಂದು ಅಂಚನ್ನು ಮಾತ್ರ ಹೊರತೆಗೆಯಿರಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ. ಅದು ಎಲ್ಲಿದೆ ಎಂಬುದರಲ್ಲೇ ಕಾರಣ ಇದೆ: ಹೊರಮೈಯಲ್ಲಿ ಒಂದು ತೂತಾದರೆ ಮುಳ್ಳು ಅಥವಾ ಗಾಜು; ಅಕ್ಕಪಕ್ಕ ಎರಡು ಸೀಳಾದರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಹಾರಿದ್ದು; ಒಳಮೈಯಲ್ಲಾದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದ್ದು. ಮುಳ್ಳು ಇನ್ನೂ ಟೈರಿನಲ್ಲೇ ಇರುತ್ತದೆ. ಟ್ಯೂಬಿನ ತೂತನ್ನು ಟೈರಿಗೆ ಹೊಂದಿಸಿ ಆ ಜಾಗದ ಒಳಮೈಯನ್ನು ಬಟ್ಟೆಯಿಂದ ಸವರಿ, ಸಿಕ್ಕಿಕೊಳ್ಳುವಲ್ಲಿ ಅದಿದೆ. ಇದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದವರು ಒಂದು ಕಿಲೋಮೀಟರಿನೊಳಗೆ ಮತ್ತೆ ಕೂರುತ್ತಾರೆ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ ಒಳಗಿಟ್ಟು, ವಾಲ್ವ್ ಇರುವ ಕಡೆಯಿಂದ ಶುರುಮಾಡಿ ಎರಡೂ ಕೈಯಿಂದ ಅಂಚನ್ನು ಒಳತಳ್ಳುತ್ತಾ ಹೋಗಿ. ಕೊನೆಯ ಒಂದು ಗೇಣು ಗಟ್ಟಿಯಾಗಿ ನಿಲ್ಲುತ್ತದೆ. ಆಗ ಲಿವರ್ ಹಾಕುವ ಆಸೆ ಬರುತ್ತದೆ, ಹಾಕಿದರೆ ಟ್ಯೂಬ್ ಕಚ್ಚಿಕೊಂಡು ಹರಿಯುತ್ತದೆ. ಅದರ ಬದಲು ವಾಲ್ವ್ ಕಡೆಯಿಂದ ಟೈರಿನ ಅಂಚನ್ನು ಹಿಂಡುತ್ತಾ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ ಬನ್ನಿ. ಸಿಕ್ಕ ಸಡಿಲದಲ್ಲಿ ಉಳಿದದ್ದು ಹೆಬ್ಬೆರಳಿಗೇ ಒಳಹೋಗುತ್ತದೆ. ಎಲ್ಲೂ ಟ್ಯೂಬ್ ಅಂಚಿಗೆ ಸಿಕ್ಕಿಲ್ಲವೆಂದು ಸುತ್ತ ನೋಡಿ ಗಾಳಿ ತುಂಬಿ. ರಸ್ತೆಯಲ್ಲಿ ಪ್ಯಾಚ್ ಹಚ್ಚಲೇಬೇಕಾದರೆ ಉಜ್ಜಿದ ಜಾಗಕ್ಕೆ ಸಲ್ಯೂಷನ್ ಸವರಿ, ಅದರ ಹೊಳಪು ಹೋಗಿ ಮಂಕಾಗುವವರೆಗೆ ಐದು ನಿಮಿಷ ಕಾಯಿರಿ. ಹಸಿಯಾಗಿರುವಾಗ ಅಂಟಿಸಿದ ಪ್ಯಾಚ್ ನಿಲ್ಲುವುದಿಲ್ಲ.

ನಡಿಗೆಯಾದರೆ

ನಡಿಗೆಯಲ್ಲಿ ಯಂತ್ರವಿಲ್ಲ, ಕಾಟ ಇರುವುದು ರಸ್ತೆ ದಾಟುವಲ್ಲಿ. 14 ಮೀಟರ್ ರಸ್ತೆಯನ್ನು ಒಬ್ಬರು ಸೆಕೆಂಡಿಗೆ 1.2 ಮೀಟರಿನಂತೆ 12 ಸೆಕೆಂಡಿನಲ್ಲಿ ದಾಟುತ್ತಾರೆ. 20 ಜನ ಜೋಡಿಯಾಗಿ ನಡೆದರೆ ಸಾಲೇ 10 ಮೀಟರ್ ಆಗಿ, 20 ಸೆಕೆಂಡ್ ಬೇಕು. ವಯಸ್ಸಾದವರಿದ್ದು ವೇಗ 0.8ಕ್ಕೆ ಇಳಿದರೆ 30. ಹಸಿರು ದೀಪ ಅಷ್ಟಿಲ್ಲದಿದ್ದರೆ ಗುಂಪನ್ನು ನೀವೇ ಎರಡು ಮಾಡಿ ದಾಟಿಸಿ, ಆ ಬದಿಯಲ್ಲಿ ಕಾಯಿರಿ. ಕೈ ಅಡ್ಡ ಹಿಡಿದು ವಾಹನ ನಿಲ್ಲಿಸುವ ಸಾಹಸ ಬೇಡ.

ಕಟ್ಟಡ, ಕೆರೆ, ಮರ, ಹಳೆ ಬೀದಿ ತೋರಿಸುತ್ತಾ ನಡೆಸುವುದಾದರೆ ಒಂದು ಗಂಟೆಯ ನಡಿಗೆಗೆ ನಾಲ್ಕೈದು ನಿಲ್ದಾಣ, ಒಂದೊಂದರಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ನಡೆಯುವುದಕ್ಕಿಂತ ನಿಂತಿರುವುದೇ ಕಾಲಿಗೆ ಆಯಾಸ. ಮಾತಾಡುವವರು ಬಿಸಿಲಿಗೆ ಮುಖ ಮಾಡಿ ನಿಲ್ಲಲಿ, ಆಗ ಕೇಳುವವರ ಕಣ್ಣಿಗೆ ಬಿಸಿಲು ಬಡಿಯುವುದಿಲ್ಲ. ಕೇಳುವವರು ಗೋಡೆಯ ಕಡೆ ಇರಲಿ, ರಸ್ತೆಗೆ ಬೆನ್ನು ಹಾಕಿ ಹಿಂದೆ ಸರಿಯುತ್ತಾ ಫುಟ್‌ಪಾತ್‌ನಿಂದ ಇಳಿಯುವುದು ತಪ್ಪುತ್ತದೆ. 20 ಜನಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕೇಳಿಸದು, ಕೇಳಿಸದವರು ತಮ್ಮೊಳಗೇ ಮಾತು ಶುರುಮಾಡುತ್ತಾರೆ. ಹಾಗಾಗಿ ಮಾತು ಆರಂಭಿಸುವ ಮುನ್ನವೂ ಸ್ವೀಪ್ ಬಂದರೇ ಎಂದು ನೋಡಬೇಕು. ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ನೆನಪಿನಲ್ಲಿ ಟೊರಾಂಟೊದಲ್ಲಿ 2007ರಲ್ಲಿ ಶುರುವಾದ ನಡಿಗೆಗಳಲ್ಲಿ ಬೀದಿಯ ನಿವಾಸಿಗಳೇ ತಮ್ಮ ಬೀದಿಯ ಬಗ್ಗೆ ಮಾತಾಡುವ ಪದ್ಧತಿ ಇದೆ. ತಜ್ಞರನ್ನು ಹುಡುಕುತ್ತಾ ತಿಂಗಳು ಕಳೆಯುವುದಕ್ಕಿಂತ ಅದು ಸುಲಭ, ಕೇಳಲೂ ಚೆನ್ನ.

ಹೊಸ ಶೂ ಹಾಕಿ ಬರಬೇಡಿ ಎಂದು ಮೊದಲೇ ತಿಳಿಸಿ. ಹಿಮ್ಮಡಿ ಬಿಸಿಯಾದಂತೆ ಅನ್ನಿಸಿದ ಕೂಡಲೇ ನಿಂತು ಪಟ್ಟಿ ಅಂಟಿಸಿದರೆ ಬೊಬ್ಬೆ ಏಳುವುದಿಲ್ಲ, ‘ಇನ್ನೊಂದು ಚೂರು’ ಎಂದು ನಡೆದರೆ ಏಳುತ್ತದೆ.

ಪೆಟ್ಟಾದರೆ

ಬಿದ್ದವರನ್ನು ಎತ್ತುವ ಆತುರ ಬೇಡ. ಮೊದಲು ಇಬ್ಬರು ಹಿಂದಕ್ಕೆ ಹೋಗಿ ವಾಹನಗಳಿಗೆ ಕೈತೋರಿಸಲಿ. ತರಚಿದ ಗಾಯಕ್ಕೆ ಶುದ್ಧ ನೀರು ಸುರಿದು ಮಣ್ಣು ತೊಳೆದು ಮುಚ್ಚಿ. ತಲೆಗೆ ಪೆಟ್ಟಾಗಿದ್ದರೆ, ‘ಏನಿಲ್ಲ, ಸರಿಯಿದ್ದೇನೆ’ ಎಂದರೂ ಅವರು ಮತ್ತೆ ಸೈಕಲ್ ಹತ್ತಬಾರದು. ಜೊತೆಗೊಬ್ಬರನ್ನು ಕೊಟ್ಟು ವೈದ್ಯರಲ್ಲಿಗೆ ಕಳಿಸಿ. ಪೆಟ್ಟು ತಿಂದ ಹೆಲ್ಮೆಟ್ಟು ಬಿರುಕು ಕಾಣದಿದ್ದರೂ ಬದಲಾಗಬೇಕು. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಪ್ರಶ್ನೆಗೆ ಅಸಂಬದ್ಧ ಉತ್ತರ ಕೊಟ್ಟರೆ ಅದನ್ನು ಸುಸ್ತು ಎಂದುಕೊಳ್ಳಬೇಡಿ: ನೆರಳಿಗೆ ಒಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಆಂಬ್ಯುಲೆನ್ಸ್ ಕರೆಸಿ. ಲೀಡ್ ಉಳಿದವರನ್ನು ಹತ್ತಿರದ ಸುರಕ್ಷಿತ ಜಾಗಕ್ಕೆ ಕರೆದೊಯ್ಯಲಿ. ಸುತ್ತ ಗುಂಪುಗಟ್ಟಿ ನಿಂತವರಿಂದ ಆಗುವ ಉಪಕಾರ ಏನೂ ಇಲ್ಲ.

ಮುಗಿದ ಮೇಲೆ

ತಲೆ ಎಣಿಸಿ. ಹೊರಡುವಾಗ, ಪ್ರತಿ ನಿಲ್ದಾಣದಲ್ಲಿ, ಕೊನೆಯಲ್ಲಿ. ನಡುವೆ ಹೇಳದೇ ಮನೆಗೆ ಹೋದವರು ಯಾವಾಗಲೂ ಒಬ್ಬರಿರುತ್ತಾರೆ. ಅವರನ್ನು ಹುಡುಕುತ್ತಾ ಅರ್ಧ ಗಂಟೆ ಅಲೆಯದಿರಲು, ‘ಬಿಟ್ಟು ಹೊರಡುವವರು ಸ್ವೀಪ್‌ಗೆ ಹೇಳಿ ಹೋಗಿ’ ಎಂಬ ಮಾತನ್ನು ಆರಂಭದಲ್ಲೇ ಎರಡು ಸಲ ಹೇಳಬೇಕು. ಅಂದೇ ಸಂಜೆಯೊಳಗೆ ಪ್ರತಿ ನಿಲ್ದಾಣಕ್ಕೂ ಲೀಡ್ ತಲುಪಿದ ಸಮಯ, ಸ್ವೀಪ್ ತಲುಪಿದ ಸಮಯ ಎರಡನ್ನೂ ಪಕ್ಕಪಕ್ಕ ಬರೆದಿಡಿ. ಎರಡರ ನಡುವೆ ಐದು ನಿಮಿಷಕ್ಕಿಂತ ಹೆಚ್ಚಿದ್ದರೆ ಮುಂದಿನ ವಾರ ಇಬ್ಬರ ಜಾಗ ಅದಲುಬದಲು ಮಾಡಿ.